ಹಾಡಿನ ಹಿಂದೆ ಕುಳಿತವರು

ಕಾಪುವಿನ ರೋಸ್ ಸಮಾರಂಭವೊಂದರಲ್ಲಿ ಯುವಕನೊಬ್ಬನು ಕೊಂಕಣಿ ಗೀತೆಯೊಂದನ್ನು ಹಾಡಿ, "ಇದು ಅಜ್ಜಿಯ ಕಾಲದ ಜನಪದ ಹಾಡು, ಫಾದರ್" ಎಂದನು. ಅದು ಮಂಗಳೂರಿನ ವಿಲ್ಫಿ ರೆಬಿಂಬಸ್ ಬರೆದು ರಾಗ ಹಾಕಿದ್ದು! 2010ರಲ್ಲಿ ನಿಧನರಾದ ಆ ಪ್ರಸಿದ್ಧರಿಗೇ ಈ ಗತಿಯಾದರೆ, ಅವರ ಹಿಂದೆ ಕುಳಿತು ವಾದ್ಯ ನುಡಿಸಿದವರ ಪಾಡೇನು?

ಮುಂಬಯಿ ಚಿತ್ರಸಂಗೀತಕ್ಕೆ ಪಿಟೀಲು ನುಡಿಸಿದ ಗೋವೆಯ ಆಂಥೋನಿ ಗೊನ್ಸಾಲ್ವಿಸ್ ಅವರ ಹೆಸರು ಜನರ ಬಾಯಲ್ಲಿ ಉಳಿದದ್ದು, ಶಿಷ್ಯ ಪ್ಯಾರೇಲಾಲರ ಗುರುಭಕ್ತಿಯಿಂದ ಅದು 1977ರ 'ಅಮರ್ ಅಕ್ಬರ್ ಆಂಥೋನಿ' ಚಿತ್ರದ ಹಾಡಿಗೆ ಸೇರಿದ್ದರಿಂದ. ಎಲ್ಲರಿಗೂ ಅಂಥ ಶಿಷ್ಯರು ಸಿಗುವುದಿಲ್ಲ.

ಕಾರ್ಕಳದ ಕಡೆಯ ನನ್ನ ಹಿಂದಿನ ಧರ್ಮಕೇಂದ್ರದಲ್ಲಿ ಮೂವತ್ತು ವರ್ಷ ಪಿಟೀಲು ನುಡಿಸಿದ ಹಿರಿಯರೊಬ್ಬರಿದ್ದರು. ಹಬ್ಬದ ಕರಪತ್ರದಲ್ಲಿ ಗಾಯಕರ, ದಾನಿಗಳ ಹೆಸರುಗಳನ್ನೆಲ್ಲ ಅಚ್ಚು ಹಾಕಿಸಿದ ನಾನು ಅವರದನ್ನು ಮರೆತೆ. ಅವರು ಏನೂ ಹೇಳಲಿಲ್ಲ. ಸಂಜೆಯ ಬಲಿಪೂಜೆಗೆ ಎಂದಿನಂತೆ ಮೊದಲೇ ಬಂದು, ತಂತಿ ಬಿಗಿಯತೊಡಗಿದರು.