ಗೋಡೆಯುಳ್ಳ ಊರು, ಗೋಡೆಯಿಲ್ಲದ ಊರು

ಶಿವಮೊಗ್ಗ ಪೇಟೆಯ ಸದ್ದು ಹಿಂದೆ ಸರಿದು ಸೋಗಾನೆ ಮುಟ್ಟುವ ಹೊತ್ತಿಗೆ ಎಳೆಬಿಸಿಲು ಗದ್ದೆಗಳ ಮೇಲೆ ಹದವಾಗಿ ಹರಡಿದೆ. ಎದುರಿಗೆ ಕಮಲದ ಆಕಾರದ ಟರ್ಮಿನಲ್. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಈ ವಿಮಾನ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿಟ್ಟಿದ್ದಾರೆ. ಬೇಲಿಯಾಚೆ 3,200 ಮೀಟರ್ ಉದ್ದದ ರನ್‌ವೇ ಬಿಸಿಲಲ್ಲಿ ಮಿರುಗುತ್ತಿದೆ. ಇಲ್ಲಿಗೆ ಬರುವವರೆಲ್ಲ ಹಾರಲು ಬರುತ್ತಾರೆ. ನಾನು ಇಳಿಯಲು ಬಂದಿದ್ದೇನೆ, ಸೋಗಾನೆಯ ಒಂದು ಎಲೆಯೊಳಕ್ಕೆ.

ನನ್ನ ಚೀಲದಲ್ಲಿ ಕಾಗದದ ಸೂಕ್ಷ್ಮದರ್ಶಕವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡ ರೂಪಿಸಿದ ಫೋಲ್ಡ್‌ಸ್ಕೋಪ್ ಇದು. ಗಟ್ಟಿ ಕಾಗದವನ್ನು ಮಡಚಿ, ನಡುವೆ ಪುಟ್ಟದೊಂದು ಮಸೂರ ಕೂರಿಸಿದರೆ ವಸ್ತು 140 ಪಟ್ಟು ದೊಡ್ಡದಾಗಿ ಕಾಣುತ್ತದೆ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 17ನೇ ಶತಮಾನದಲ್ಲಿ ನೀರಿನ ಹನಿಯೊಳಗಿನ ಜೀವಿಗಳನ್ನು ಕಂಡದ್ದೂ ಇಂಥದೇ ಒಂಟಿ ಮಸೂರದಲ್ಲಿ.

ದಾರಿ ಗದ್ದೆಯ ಬದುವಿಗೆ ತಿರುಗುತ್ತದೆ. ಸಣ್ಣ ಕಾಲುವೆಯ ನಿಂತ ನೀರಲ್ಲಿ ಹೈಡ್ರಿಲ್ಲಾ ಎಂಬ ನೀರುಗಿಡ ಹೆಣೆದುಕೊಂಡಿದೆ. ಒಂದು ಪುಟ್ಟ ಎಲೆ ಕಿತ್ತು ಗಾಜಿನ ಮೇಲಿಟ್ಟು, ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿಯುತ್ತೇನೆ. ಆಹಾ! ಎರಡೇ ಕೋಶ ದಪ್ಪದ ಎಲೆಯಾದ್ದರಿಂದ ಬೆಳಕು ಸಲೀಸಾಗಿ ತೂರಿ ಬರುತ್ತಿದೆ. ಸಾಲು ಸಾಲು ಹಸಿರು ಕೋಣೆಗಳು. ಪ್ರತಿ ಕೋಣೆಯಲ್ಲೂ ಹಸಿರು ಮಣಿಗಳು. ಬಿಸಿಲಿನಿಂದ ಅನ್ನ ಬೇಯಿಸುವ ಕ್ಲೋರೋಪ್ಲಾಸ್ಟ್‌ಗಳು ಇವೇ. ಉಸಿರು ಬಿಗಿಹಿಡಿದು ನೋಡುತ್ತೇನೆ: ಎಲೆಯ ನಡುನರದ ಪಕ್ಕದ ಕೋಣೆಯಲ್ಲಿ ಮಣಿಗಳು ಚಲಿಸುತ್ತಿವೆ! ದೇವಸ್ಥಾನದ ಪ್ರಾಕಾರದಲ್ಲಿ ಪ್ರದಕ್ಷಿಣೆ ಬಂದಂತೆ, ಗೋಡೆಯ ಅಂಚಿಗೇ ಒಂದರ ಹಿಂದೊಂದು. ಕೋಶದ್ರವ್ಯ ಹರಿಯುತ್ತ ಅವನ್ನು ಹೊತ್ತೊಯ್ಯುತ್ತಿದೆ. ಹೊರಗೆ ಅಲ್ಲಾಡದೆ ನಿಂತ ಗಿಡ, ಒಳಗೆ ಇಷ್ಟು ಓಡಾಟ.

ರಸ್ತೆಬದಿಯ ಚಹಾದಂಗಡಿಯಲ್ಲಿ ಅಕ್ಕ ಬಜ್ಜಿಗೆ ಈರುಳ್ಳಿ ಹೆಚ್ಚುತ್ತಿದ್ದಾರೆ. ಅವರ ಮಗ, ಎಂಟನೇ ತರಗತಿಯವನು, ನನ್ನ ಕೈಯಲ್ಲಿದ್ದುದನ್ನು ಆಗಲೇ ಕಂಡಿದ್ದಾನೆ.

“ಅದೇನ್ ಸಾರ್?”

ಒಂದು ಎಸಳು ಕೇಳಿ ಪಡೆದು, ಅದರ ಒಳಮೈಯ ತೆಳುಪೊರೆಯನ್ನು ಉಗುರಲ್ಲಿ ಎಬ್ಬಿಸುತ್ತೇನೆ. ಒಂದು ಹನಿ ಅಯೋಡಿನ್ ಬಿಟ್ಟು ಹುಡುಗನ ಕಣ್ಣಿಗೆ ಹಿಡಿಯುತ್ತೇನೆ. ಒಂದು ಗಳಿಗೆ ಮಾತಿಲ್ಲ. ಆಮೇಲೆ, “ಅಮ್ಮಾ, ಈರುಳ್ಳಿ ಒಳಗೆ ಇಟ್ಟಿಗೆ ಗೋಡೆ ಕಟ್ಟಿದಾರೆ!”

ಸರಿಯಾಗಿಯೇ ಹೇಳಿದ. ಹೊಂಬಣ್ಣದ ಉದ್ದನೆಯ ಇಟ್ಟಿಗೆಗಳು, ಒಂದಕ್ಕೊಂದು ಅಂಟಿ ಕೂತಿವೆ. ಒಂದೊಂದು ಇಟ್ಟಿಗೆಯಲ್ಲೂ ಬದಿಗೆ ಒತ್ತಿಕೊಂಡ ಗಾಢ ಚುಕ್ಕೆ: ಕೋಶಕೇಂದ್ರ. ಕೋಶದ ಬಹುಪಾಲು ಜಾಗವನ್ನು ರಸ ತುಂಬಿದ ದೊಡ್ಡ ರಸದಾನಿಯೇ ಹಿಡಿದಿರುವುದರಿಂದ ಅದು ಅಂಚಿಗೆ ಸರಿದಿದೆ. ಈ ಇಟ್ಟಿಗೆಯ ಉದ್ದ ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಇವನ್ನೇ ಸಾಲಾಗಿ ಜೋಡಿಸಿದರೆ ಅಲ್ಲಿನ ರನ್‌ವೇ ತುಂಬಲು 1 ಕೋಟಿ 28 ಲಕ್ಷ ಬೇಕು. ಲೆಕ್ಕ ಕೇಳಿ ಹುಡುಗ ಬೇಲಿಯತ್ತ ತಿರುಗಿ ನೋಡುತ್ತಾನೆ.

“ನಂದೂ ಹಿಂಗೇ ಇರುತ್ತಾ ಸಾರ್?”

ಬಾಯಿ ಮುಕ್ಕಳಿಸಿ ಬಂದವನ ಕೆನ್ನೆಯ ಒಳಬದಿಯನ್ನು ಹೊಸ ಕಡ್ಡಿಯಿಂದ ಹಗುರವಾಗಿ ಸವರಿ ಗಾಜಿಗೆ ಬಳಿಯುತ್ತೇವೆ. ಮತ್ತೊಂದು ಹನಿ ಅಯೋಡಿನ್. ಈಗ ಬೇರೆಯೇ ಊರು! ಇಟ್ಟಿಗೆಯಿಲ್ಲ, ಸಾಲಿಲ್ಲ. ಅಂಚು ಮಡಚಿದ ನೀರುದೋಸೆಯಂಥ ತೆಳು ಬಿಲ್ಲೆಗಳು ಅಲ್ಲೊಂದು ಇಲ್ಲೊಂದು ಬಿದ್ದಿವೆ. ಈರುಳ್ಳಿಯ ಕೋಶಕ್ಕಿಂತ ಎಷ್ಟೋ ಚಿಕ್ಕವು. ಸುತ್ತ ಬರೀ ಪೊರೆ, ಭಿತ್ತಿಯ ಸುಳಿವಿಲ್ಲ. ಆದರೆ ನಟ್ಟನಡುವೆ ಅದೇ ಚುಕ್ಕೆ. “ಈರುಳ್ಳಿಲೂ ಇತ್ತು, ನನ್ನಲ್ಲೂ ಇದೆ,” ಎನ್ನುತ್ತಾನೆ ಹುಡುಗ. ಬರ್ಲಿನ್ನಿನಲ್ಲಿ ಸಸ್ಯಗಳನ್ನು ನೋಡುತ್ತಿದ್ದ ಶ್ಲೈಡನ್, ಪ್ರಾಣಿಗಳನ್ನು ನೋಡುತ್ತಿದ್ದ ಶ್ವಾನ್ ಒಟ್ಟಿಗೆ ಊಟಕ್ಕೆ ಕೂತಾಗ ಮಾತು ಬಂದದ್ದೂ ಈ ಚುಕ್ಕೆಯದೇ. ಗಿಡಕ್ಕೂ ಪ್ರಾಣಿಗೂ ಕೋಶವೇ ಮೂಲ ಎಂಬ ಸಿದ್ಧಾಂತ 1838-39ರಲ್ಲಿ ರೂಪುಗೊಂಡಿತು.

ಬಜ್ಜಿ ತಿಂದು ಮುಂದೆ ನಡೆಯುತ್ತೇನೆ. ಹುಡುಗ ಜೊತೆಗೇ ಬರುತ್ತಾನೆ. ಸೋಗಾನೆಯ ಇನ್ನೊಂದು ಗುರುತಾದ ಕೇಂದ್ರ ಕಾರಾಗೃಹದ ಎತ್ತರದ ಗೋಡೆ ಕಣ್ಣಿಗೆ ಬೀಳುತ್ತದೆ. ಜೈಲಿನ ಕೋಣೆಗೂ ಜೀವದ ಕೋಶಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಲ್ಲಿ ಕಂಡ ಖಾಲಿ ಗೂಡುಗಳನ್ನು ‘ಸೆಲ್’ ಎಂದು ಕರೆದ. ಪುಟ್ಟ ಕೋಣೆ ಎಂದು ಅರ್ಥ. ಅವನು ಕಂಡದ್ದು ಬರೀ ಗೋಡೆಗಳನ್ನು. ಒಳಗಿದ್ದ ಜೀವ ಎಂದೋ ಆರಿಹೋಗಿತ್ತು. ಜೀವ ಹೋದ ಮೇಲೂ ಸಸ್ಯಕೋಶದ ಗೋಡೆ ನಿಂತೇ ಇರುತ್ತದೆ.

ಆ ಗೋಡೆಗಳನ್ನು ನಂಬಿ ಹತ್ತಿರದ ಭದ್ರಾವತಿಯಲ್ಲಿ ಒಂದು ಕಾರ್ಖಾನೆಯೇ ಬೆಳೆದಿತ್ತು. ಎಂಪಿಎಂ ಎಂದೇ ಜನ ಕರೆಯುವ ಮೈಸೂರು ಕಾಗದ ಕಾರ್ಖಾನೆ ಶುರುವಾದದ್ದು 1930ರ ದಶಕದಲ್ಲಿ. ಬಿದಿರನ್ನೂ ಕಬ್ಬಿನ ಸಿಪ್ಪೆಯನ್ನೂ ಬೇಯಿಸಿ, ಉಳಿದ ನಾರಿನಿಂದ ಹಾಳೆ ಮಾಡುತ್ತಿದ್ದರು. ಆ ನಾರು ಸೆಲ್ಯುಲೋಸ್. ಕೋಶಭಿತ್ತಿ ಕಟ್ಟಿರುವುದೇ ಅದರಿಂದ. ನನ್ನ ಟಿಪ್ಪಣಿ ಪುಸ್ತಕದ ಅಂಚು ಹರಿದು ಮಸೂರದಡಿ ಇಡುತ್ತೇನೆ. ಚಪ್ಪಟೆಯಾದ ಬಿಳಿ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಎಂದೋ ಗಾಳಿಗೆ ತೂಗಿದ ಗಿಡದ ಗೋಡೆಗಳ ಮೇಲೆ ನಾನು ಇಷ್ಟು ಹೊತ್ತೂ ಅಕ್ಷರ ಬರೆಯುತ್ತಿದ್ದೇನೆ!

ಬೆಂಗಳೂರಿನ ಕಡೆಯಿಂದ ವಿಮಾನದ ಗುಂಯ್‌ಗುಡುವಿಕೆ ಕೇಳುತ್ತದೆ. ಹುಡುಗ ಕೈ ಎತ್ತಿ, ಬದುವಿನುದ್ದಕ್ಕೂ ಅದರ ನೆರಳಿನ ಹಿಂದೆ ಓಡುತ್ತಾನೆ. ಗೋಡೆಯಿಲ್ಲದ ಕೋಶಗಳು ಅವನ ಕಾಲಲ್ಲಿ ಹಿಗ್ಗಿ ಕುಗ್ಗುತ್ತಿವೆ. ಅವನ ಹಿಂದೆ ಅಡಿಕೆ ಮರಗಳು, ಒಂದೇ ಒಂದು ಮೂಳೆಯಿಲ್ಲದೆ, ಕೋಟಿ ಕೋಟಿ ಗೋಡೆಗಳ ಬಲದಲ್ಲಿ ನೆಟ್ಟಗೆ ನಿಂತು ತಲೆದೂಗುತ್ತಿವೆ.