ಬಾಳೆಹೊಸೂರಿನ ದಾರಿ, ಗಾಡಿಯ ಆಯಿಲ್

ಬಾಳೆಹೊಸೂರ ನನ್ನ ತವರೂರು. ಮೊದಲು ಶಿರಹಟ್ಟಿ ತಾಲೂಕಿನಲ್ಲಿತ್ತು, ಈಗ ಲಕ್ಷ್ಮೇಶ್ವರ ತಾಲೂಕು. ದಿಂಗಾಲೇಶ್ವರ ಮಠದ ಊರು ಅಂದ್ರೆ ಸುತ್ತಿನವರಿಗೆ ತಟ್ಟನೆ ಗೊತ್ತಾಗುತ್ತದೆ. ಸುತ್ತ ಎರೆಹೊಲ. ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಳ್ಳುವ ಆ ಮಣ್ಣೇ ಬೇಸಿಗೆಯಲ್ಲಿ ಹುಡಿಯಾಗಿ ಏಳುತ್ತದೆ. ಗಾಡಿ ತೊಳೆದು ನಿಲ್ಲಿಸಿದರೆ ಸಂಜೆಯೊಳಗೆ ಗಾಜಿನ ಮೇಲೆ ಮಕ್ಕಳು ಹೆಸರು ಬರೆಯಬಹುದು!

ಈಗ ಊರಲ್ಲಿ ಟ್ರ್ಯಾಕ್ಟರ್ ಜೊತೆಗೆ ಕಾರುಗಳೂ ಬಂದಿವೆ. ನಮ್ಮಣ್ಣನೂ ಒಂದು ಹಳೆ ಡೀಸೆಲ್ ಕಾರು ತಗೊಂಡಿದ್ದಾನೆ. ಹಳೆಯದು ಅಂದ್ರೂ ಏಪ್ರಿಲ್ 1, 2020ರ ನಂತರದ್ದು, ಅಂದರೆ ಬಿಎಸ್-6 ಗಾಡಿ. ಕಾಳು ಕಡಿ, ಬೀಜ ಗೊಬ್ಬರ, ದವಾಖಾನೆ, ಮದುವೆ, ಎಲ್ಲದಕ್ಕೂ ಲಕ್ಷ್ಮೇಶ್ವರಕ್ಕೆ ಹೋಗಿ ಬರುವುದು. ಅಷ್ಟೇ ಅದರ ಓಡಾಟ.

ದೀಪಾವಳಿಗೆ ಹೋದಾಗ ಅಣ್ಣ ಹಿತ್ತಲಿನಿಂದ ಟ್ರ್ಯಾಕ್ಟರಿನ ಆಯಿಲ್ ಕ್ಯಾನ್ ಹೊತ್ತುಕೊಂಡು ಬಂದ. ಮೇಲೆ ‘15ಡಬ್ಲ್ಯೂ-40, ಸಿಐ-4’ ಅಂತ ಬರೆದಿತ್ತು.

“ಅಣ್ಣಾ, ಇದು ಈ ಗಾಡಿಗೆ ನಡೀತೈತೇನು? ಪುಸ್ತಕ ನೋಡೀಯೇನು?”

“ಪುಸ್ತಕ ಏನ್ ನೋಡೂದವಾ? ಅದೂ ಡೀಸೆಲ್, ಇದೂ ಡೀಸೆಲ್. ನಮ್ಮ ಬಿಸಲಿಗೆ ಆಯಿಲ್ ದಪ್ಪ ಇದ್ದಷ್ಟೂ ಚಲೋ.”

ಈ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಅದಕ್ಕೇ ಬಿಡಿಸಿ ಹೇಳುವುದು ಕಷ್ಟ. ಡಬ್ಬಿಯ ಮೇಲಿನ ‘ಡಬ್ಲ್ಯೂ’ ಅಂದರೆ ಇಂಗ್ಲಿಷಿನ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆ ಇದ್ದಷ್ಟೂ ಆಯಿಲ್ ತಣ್ಣಗಿದ್ದಾಗ ಬೇಗ ಹರಿಯುತ್ತದೆ. ಮುಂದಿನ ಅಂಕಿ, 20, 30, 40, ಇಂಜಿನ್ ಕಾದಾಗ ಅದೆಷ್ಟು ದಪ್ಪ ಉಳಿಯುತ್ತದೆ ಅನ್ನುವುದು. ‘ನಮ್ಮಲ್ಲೇನು ಹಿಮ ಬೀಳ್ತದ, ಆ ಡಬ್ಲ್ಯೂ ನಮಗ್ಯಾಕ?’ ಅನ್ನುವವರಿದ್ದಾರೆ. ಆದರೆ ತೊಂಬತ್ತು ನೂರು ಡಿಗ್ರಿಯಲ್ಲಿ ಕೆಲಸ ಮಾಡುವ ಇಂಜಿನ್ನಿಗೆ ನಮ್ಮ ಮಾರ್ಚ್ ತಿಂಗಳ ಮುಂಜಾನೆಯೂ ತಣ್ಣಗೇ. ಬೆಳಿಗ್ಗೆ ಚಾಲೂ ಮಾಡಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಆಯಿಲ್ ಮೇಲೇರುವುದು ತಡವಾದಷ್ಟೂ ಲೋಹಕ್ಕೆ ಲೋಹ ತಿಕ್ಕುತ್ತದೆ.

ಇನ್ನು ದಪ್ಪದ ಮಾತು. ನೂರು ಡಿಗ್ರಿ ಕಾವಿನಲ್ಲಿ 20ರ ಆಯಿಲಿನ ದಪ್ಪ 6.9ರಿಂದ 9.3 ಸೆಂಟಿಸ್ಟೋಕ್ ಒಳಗಿರಬೇಕು, 40ರದ್ದು 12.5ರಿಂದ 16.3. ಹೆಚ್ಚುಕಡಿಮೆ ಎರಡು ಪಟ್ಟು! ಕಂಪನಿಯವರು ಇಂಜಿನ್ನಿನ ಸಂದುಗಳನ್ನು, ಪಂಪನ್ನು ಒಂದು ದಪ್ಪಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ನಮ್ಮ ಮನೆಯ ಪೆಟ್ರೋಲ್ ಗಾಡಿಯ ಪುಸ್ತಕದಲ್ಲಿ ‘0ಡಬ್ಲ್ಯೂ-20’ ಅಂತ ಇದೆ. ಅದಕ್ಕೆ ಟ್ರ್ಯಾಕ್ಟರ್ ಆಯಿಲ್ ಹಾಕುವುದೆಂದರೆ ಸಾರು ಕುಡಿಯುವವನಿಗೆ ಝುಣಕ ಕುಡಿ ಅಂದಂತೆ.

ಅಣ್ಣನ ಗಾಡಿಯದು ಬರೀ ದಪ್ಪದ ಪ್ರಶ್ನೆ ಅಲ್ಲ. ಬಿಎಸ್-6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಮೆಕ್ಯಾನಿಕ್‌ಗಳು ಡಿಪಿಎಫ್ ಅನ್ನುತ್ತಾರೆ. ಕೂತ ಮಸಿಯನ್ನು ಗಾಡಿ ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಆಯಿಲ್ ಉರಿದು ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಸಿಐ-4 ಮಾದರಿ ಬಂದದ್ದು 2002ರಲ್ಲಿ. ಇಂಥ ಜಾಲರಿ ಇಲ್ಲದ ಇಂಜಿನ್ನುಗಳಿಗೆ ಮಾಡಿದ್ದು, ಬೂದಿ ಹೆಚ್ಚು. ಟ್ರ್ಯಾಕ್ಟರಿಗೆ ಅದು ಒಳ್ಳೆಯ ಆಯಿಲೇ, ಅದಕ್ಕೇನೂ ಕುಂದಿಲ್ಲ. ಕಾರಿನ ಜಾಲರಿಗೆ ಮಾತ್ರ ದಿನದಿನಕ್ಕೂ ಬೂದಿ ತುಂಬುತ್ತದೆ. ಜಾಲರಿ ಕಟ್ಟಿ ಬದಲಿಸುವ ಹಂತಕ್ಕೆ ಬಂದರೆ ಒಂದು ಹಂಗಾಮಿನ ಹತ್ತಿ ದುಡ್ಡು ಅಲ್ಲಿಗೇ ಹೋದೀತು.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ‘5ಡಬ್ಲ್ಯೂ-30, ಎಸಿಇಎ ಸಿ3’ ಅಂತ ಸ್ಪಷ್ಟವಾಗಿ ಬರೆದಿತ್ತು. ಆ ‘ಸಿ’ ಗುಂಪು ಅಂದರೇ ಕಡಿಮೆ ಬೂದಿಯ ಆಯಿಲ್. ಬರೀ ‘5ಡಬ್ಲ್ಯೂ-30’ ನೋಡಿ ತಂದರೆ ಅರ್ಧ ಕೆಲಸ ಆದಂತೆ. ಅದೇ ಅಂಕಿಯಲ್ಲಿ ಪೆಟ್ರೋಲ್ ಗಾಡಿಯ ಆಯಿಲೂ ಸಿಗುತ್ತದೆ. ಪೆಟ್ರೋಲಿನವರು ಎಪಿಐ ಮುಂದೆ ‘ಎಸ್’ನಿಂದ ಶುರುವಾಗುವ ಅಕ್ಷರ ನೋಡಬೇಕು: 2010ರದ್ದು ಎಸ್‌ಎನ್, 2020ರದ್ದು ಎಸ್‌ಪಿ. ಹೊಸದು ಹಳೆಯದರ ಜಾಗಕ್ಕೆ ಸಾಮಾನ್ಯವಾಗಿ ನಡೆಯುತ್ತದೆ, ಹಳೆಯದು ಹೊಸದರ ಜಾಗಕ್ಕೆ ನಡೆಯುವುದಿಲ್ಲ. (ಬೈಕಿನ ಲೆಕ್ಕವೇ ಬೇರೆ. ಅಲ್ಲಿ ಕ್ಲಚ್ಚು ಆಯಿಲಿನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಜಾರಬಹುದು. ‘ಜಾಸೋ ಎಂಎ’ ಅಥವಾ ‘ಎಂಎ2’ ಅಂತ ಇದ್ದದ್ದನ್ನೇ ಕೇಳಿ.)

ಕ್ಯಾನ್ ಬದಿಗಿಟ್ಟು ಆಯಿಲ್ ಕಡ್ಡಿ ಎಳೆದು ನೋಡೋಣ ಅಂದೆ. ನಮ್ಮನೆಯ ಅಂಗಳ ಇಳಿಜಾರು. ಗಾಡಿಯನ್ನು ಸಪಾಟಾದ ಜಾಗಕ್ಕೆ ತಂದು, ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಅದ್ದಿ ತೆಗೆದೆವು. ಆಯಿಲ್ ಇಳಿದಿರಲಿಲ್ಲ, ಮೇಲಿನ ಗೆರೆಯನ್ನೂ ದಾಟಿತ್ತು.

“ನೋಡ್ದೇನು, ಒಂದ್ ತೊಟ್ಟೂ ಕುಡದಿಲ್ಲ ನನ್ನ ಗಾಡಿ!” ಅಂತ ಅಣ್ಣ ಬೀಗಿದ. ಕಡ್ಡಿ ಮೂಸಿದರೆ ಡೀಸೆಲ್ ವಾಸನೆ.

ನಮ್ಮೂರಿನಂಥ ಊರುಗಳಿಗೆ ಗೊತ್ತಿರಲೇಬೇಕಾದ ಸಂಗತಿ ಇದು. ಜಾಲರಿಯ ಮಸಿ ಸುಡಲು ಗಾಡಿ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಸುಟ್ಟು ಮುಗಿಯಲು ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ಅಷ್ಟರಲ್ಲಿ ಲಕ್ಷ್ಮೇಶ್ವರ ಬಂದುಬಿಡುತ್ತದೆ, ಇಂಜಿನ್ ಬಂದ್. ಸಂಜೆ ಮತ್ತೆ ಅದೇ ಪಾಡು. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಕೆಳಗಿಳಿದು ಆಯಿಲಿನಲ್ಲಿ ಬೆರೆಯುತ್ತದೆ. ಮಟ್ಟ ಏರುತ್ತದೆ, ಆಯಿಲ್ ನೀರಾಗುತ್ತದೆ. ಅದರ ಮೇಲೆ ಮತ್ತೊಂದು ಲೀಟರ್ ಸುರಿದಿದ್ದರೆ ಸೀಲುಗಳು ಸೋರುವುದರಿಂದ ಹಿಡಿದು ಇಂಜಿನ್ ಕೆಡುವವರೆಗೆ ಏನೂ ಆಗಬಹುದಿತ್ತು.

ಮರುದಿನ ಲಕ್ಷ್ಮೇಶ್ವರದ ಒಂದು ಅಂಗಡಿಯಲ್ಲಿ “ಎಲ್ಲಾ ಒಂದೇ ರೀ, ಬಣ್ಣ ಬ್ಯಾರೆ” ಅಂದರು. ಹುಬ್ಬಳ್ಳಿಯಿಂದ ಬರುವ ಭಾವನಿಗೆ ಫೋನ್ ಮಾಡಿ, ಪುಸ್ತಕದ ಪುಟದ ಫೋಟೋ ಕಳಿಸಿ ತರಿಸಿದೆವು. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ಮುಚ್ಚಳದ ಸೀಲ್ ನೋಡಿ, ಬಿಲ್ಲು ಇಸ್ಕೊಂಡು ಬಾ ಅಂತ ಹೇಳಿದ್ದೆ. ಹಳೆ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಸಮೇತ ಬದಲಾಯಿಸಿದೆವು. ಏರ್ ಫಿಲ್ಟರ್ ಬಿಚ್ಚಿದರೆ ಅರ್ಧ ಹೊಲ ಅದರೊಳಗೇ ಇತ್ತು.

ಹಾಗಂತ ದಾರಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಇಳಿದು, ಸುತ್ತ ಟ್ರ್ಯಾಕ್ಟರ್ ಆಯಿಲ್ ಬಿಟ್ಟು ಬೇರೇನೂ ಸಿಗದಿದ್ದರೆ? ಅರ್ಧ ಲೀಟರ್ ಅದನ್ನೇ ಹಾಕಿ ಊರು ಸೇರಿಕೊಳ್ಳಿ, ಆಮೇಲೆ ಎಲ್ಲಾ ಬದಲಿಸಿ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ಇನ್ನು ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಬದಲಿಸಿ ಅಂತ ದಪ್ಪಕ್ಷರದಲ್ಲಿ ಇರುವುದು ಒಳ್ಳೆಯ ರಸ್ತೆಯವರಿಗೆ. ಧೂಳು, ಸಣ್ಣ ಓಡಾಟ ಇರುವವರಿಗೆ ಕೆಳಗೆ ಬೇರೆ ಸಾಲು ಇರುತ್ತದೆ, ಅವಧಿ ಕಡಿಮೆ. ಬಾಳೆಹೊಸೂರಿನವರು ಓದಬೇಕಾದದ್ದು ಆ ಸಾಲು.

ಅಣ್ಣನಿಗೆ ಈಗ ಹದಿನೈದು ದಿನಕ್ಕೊಮ್ಮೆ ಗದಗಿನ ಕಡೆ ಒಂದು ಉದ್ದನೆಯ ಸುತ್ತು ಹೊಡೆಯುವ ನೇಮ. ಅತ್ತಿಗೆಗೂ ಮಕ್ಕಳಿಗೂ ಅದರಿಂದ ಖುಷಿ. ಲಕ್ಷ್ಮೇಶ್ವರದಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಮಾಗಡಿ ಕೆರೆ. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಈ ಸಲ ಬುತ್ತಿ ಕಟ್ಟಿಕೊಂಡು ನಾವೂ ಹೋಗಿದ್ದೆವು, ಮುಂಜಾನೆ ಸುಮ್ಮನೆ ನಿಂತು ನೋಡಿದೆವು.