ಹಳೆಯ ರೇಡಿಯೊ ಮತ್ತು ಇಟ್ಟುಕೊಂಡವನ ಹೊಣೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ವರ್ತಕರ ಮನೆಗಳಲ್ಲಿ ಅಟ್ಟದ ಮೇಲೋ ಗೋಡೆಯ ಹಲಗೆಯ ಮೇಲೋ ಒಂದು ರೇಡಿಯೊ ಪೆಟ್ಟಿಗೆ ಇಂದಿಗೂ ಉಳಿದಿರುವುದುಂಟು. ಮರ್ಫಿ, ಬುಷ್, ಫಿಲಿಪ್ಸ್ ಎಂಬ ಹೆಸರು ಹೊತ್ತ ಆ ಪೆಟ್ಟಿಗೆಗಳು ಒಂದು ಕಾಲದಲ್ಲಿ ಮನೆತನದ ಅಂತಸ್ತಿನ ಗುರುತುಗಳಾಗಿದ್ದವು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕವನ್ನು ನವೀಕರಿಸಿಕೊಳ್ಳಬೇಕಾಗಿತ್ತು. ಎಂಬತ್ತರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಸರ್ಕಾರದ ಲೈಸೆನ್ಸ್ ಹೋದ ಮೇಲೆ ರೇಡಿಯೊ ಇಟ್ಟುಕೊಂಡವನಿಗೆ ಯಾವ ಹೊಣೆಯೂ ಉಳಿಯಲಿಲ್ಲವೆಂದು ಭಾವಿಸುವವರೇ ಹೆಚ್ಚು.

ಈ ಪೆಟ್ಟಿಗೆಗಳ ಜೀವಾಳವೆಂದರೆ ಶಾರ್ಟ್‌ವೇವ್. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದರು; ಬೆಂಗಳೂರಿನ ಕೇಂದ್ರ 1955ರಲ್ಲಿ, ಭದ್ರಾವತಿಯದು 1965ರಲ್ಲಿ ಬಂದಿತು. ಕನ್ನಡದ ವಾರ್ತೆ, ಪೇಟೆಯ ಧಾರಣೆಗಳಿಗೆ ಮೀಡಿಯಂ ವೇವ್ ಸಾಕಾಗಿತ್ತು. 1952ರಲ್ಲಿ ಆಕಾಶವಾಣಿ ಚಲನಚಿತ್ರ ಗೀತೆಗಳನ್ನು ದೂರವಿಟ್ಟಾಗ ಜನರು ಶಾರ್ಟ್‌ವೇವಿನಲ್ಲಿ ರೇಡಿಯೊ ಸಿಲೋನನ್ನು ಹುಡುಕಿಕೊಂಡರು. ವಿವಿಧಭಾರತಿ ಹುಟ್ಟಿದ್ದು 1957ರಲ್ಲಿ. 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ್ದಾಗ ಅನೇಕರು ತಗ್ಗಿದ ದನಿಯಲ್ಲಿ ಬಿಬಿಸಿ ಕೇಳಿದರು.

ಆ ದನಿಗಳಲ್ಲಿ ಹಲವು ಈಗಿಲ್ಲ. ರೇಡಿಯೊ ಆಸ್ಟ್ರೇಲಿಯಾ 2017ರಲ್ಲಿ, ಬಿಬಿಸಿ ಹಿಂದಿ 2020ರ ಜನವರಿಯಲ್ಲಿ ಶಾರ್ಟ್‌ವೇವನ್ನು ಬಿಟ್ಟವು. ಇನ್ನೊಂದು ವಿನೋದವೂ ಇದೆ: ಚಿತ್ರದುರ್ಗದ ಆಕಾಶವಾಣಿ ಇರುವುದು ಎಫ್‌ಎಂ 102.6ರಲ್ಲಿ, ಎಫ್‌ಎಂ ಪಟ್ಟಿಯೇ ಇಲ್ಲದ ಹಳೆಯ ಪೆಟ್ಟಿಗೆ ಚೀನಾದ ಮಾತನ್ನು ಕೇಳಿಸೀತು, ತನ್ನ ಊರಿನ ಮಾತನ್ನು ಕೇಳಿಸಲಾರದು. ಆದುದರಿಂದ ಇದನ್ನು ಇಟ್ಟುಕೊಳ್ಳುವುದು ಉಪಯೋಗಕ್ಕೋ ಮೂರ್ಛೆಗೋ ಎಂಬ ಪ್ರಶ್ನೆ ಏಳುವುದು ಸಹಜ. ವಾರಕ್ಕೊಮ್ಮೆಯಾದರೂ ಕೇಳುವವನು ಅದನ್ನು ಉಳಿಸಿಕೊಳ್ಳಲಿ. ಬಟ್ಟೆ ಹೊದಿಸಿ ಹೂವು ಮುಡಿಸಿ ಇಡುವವನದು ಮೋಹವಲ್ಲದೆ ಮತ್ತೇನಲ್ಲ.

ಉಳಿಸಿಕೊಂಡವನಿಗೆ ಮುನಿಗಳ ಪಂಚ ಸಮಿತಿಗಳಲ್ಲಿ ಎರಡು ದಾರಿ ತೋರುತ್ತವೆ. ವಸ್ತುವನ್ನು ನೋಡಿ ಎತ್ತುವ, ನೋಡಿ ಇಡುವ ಆದಾನನಿಕ್ಷೇಪಣ ಸಮಿತಿ ಒಂದು. ತ್ಯಾಜ್ಯವನ್ನು ಜೀವಿಗಳಿಗೆ ಬಾಧೆಯಾಗದೆಡೆ ಬಿಡುವ ಉತ್ಸರ್ಗ ಸಮಿತಿ ಇನ್ನೊಂದು. ಶ್ರಾವಕನಿಗೆ ಅವು ಪೂರ್ಣವಾಗಿ ಸಾಧ್ಯವಿಲ್ಲದಿದ್ದರೂ ಅವುಗಳ ನೆರಳಿನಲ್ಲಿ ನಡೆಯಬಹುದು.

ಬಹುಕಾಲ ಮುಚ್ಚಿದ್ದ ವಾಲ್ವ್ ರೇಡಿಯೊದ ಹಿಂಬದಿಯ ರಟ್ಟನ್ನು ತೆಗೆದು ನೋಡಬೇಕು. ಗಾಳಿಗಾಗಿ ಬಿಟ್ಟ ತೂತುಗಳಿಂದ ಜಿರಲೆ, ಇರುವೆ, ಹಲ್ಲಿಗಳು ಒಳಸೇರಿರುತ್ತವೆ. ಕಣಜವು ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಒಳಗಿನ ತಂತಿಗಳಲ್ಲಿ ಸುಮಾರು 250 ವೋಲ್ಟ್ ಹರಿಯುತ್ತದೆ. ಎರಡು ತುದಿಗಳಿಗೆ ಅಡ್ಡಬಿದ್ದ ಹಲ್ಲಿ ಬದುಕುವುದಿಲ್ಲ. ವಿದ್ಯುತ್ತು ತೇಜಸ್ಕಾಯವೇ ಅಲ್ಲವೇ ಎಂಬ ಚರ್ಚೆ ಸಾಧುಗಳಲ್ಲಿ ಇನ್ನೂ ನಡೆದಿದೆ, ಅದು ಬಲ್ಲವರಿಗೆ ಬಿಟ್ಟದ್ದು. ಹಲ್ಲಿಗೆ ಪ್ರಾಣವಿದೆಯೆಂಬ ವಿಷಯದಲ್ಲಿ ಚರ್ಚೆಯಿಲ್ಲ. ವಿಷದ ಪುಡಿ ಚೆಲ್ಲದೆ, ಮೃದುವಾದ ಕುಂಚದಿಂದ ಜೀವಿಗಳನ್ನು ಹೊರಗೆ ಬಿಟ್ಟು, ತೂತುಗಳಿಗೆ ಒಳಗಿನಿಂದ ಸೂಕ್ಷ್ಮವಾದ ಜಾಲರಿ ಕಟ್ಟಿದರೆ ಆಯಿತು. ಗಾಳಿ ಮಾತ್ರ ಆಡಬೇಕು, ವಾಲ್ವ್‌ಗಳು ಬಿಸಿಯಾಗುತ್ತವೆ.

ಅನಂತರವೂ ನೇರವಾಗಿ ಪ್ಲಗ್ಗಿಗೆ ಹಾಕಲಾಗದು. ಎಲೆಕ್ಟ್ರೋಲೈಟಿಕ್ ಕಂಡೆನ್ಸರುಗಳು ವರ್ಷಗಳಲ್ಲಿ ಒಣಗಿರುತ್ತವೆ, ಒಮ್ಮೆಲೇ ಪೂರ್ತಿ ವಿದ್ಯುತ್ ಕೊಟ್ಟರೆ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅನುಭವಸ್ಥ ಮೆಕ್ಯಾನಿಕ್‌ಗಳು ನಡುವೆ 60 ವ್ಯಾಟಿನ ಹಳೆಯ ಮಾದರಿಯ ಬಲ್ಬನ್ನು ಸೀರೀಸ್‌ನಲ್ಲಿ ಜೋಡಿಸುತ್ತಾರೆ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು; ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆ ದೋಷವಿದೆ. ‘ಎಸಿ-ಡಿಸಿ’ ಎಂದು ಬರೆದ ಪೆಟ್ಟಿಗೆಗಳಲ್ಲಿ ಇನ್ನೊಂದು ಅಪಾಯವಿದೆ. ಅವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಲೋಹದ ಚಾಸಿಯೇ ಮನೆಯ ವಿದ್ಯುತ್ತಿನ ಒಂದು ತಂತಿಗೆ ಸೇರಿರುತ್ತದೆ. ಪ್ಲಗ್ಗನ್ನು ತಿರುವಿ ಹಾಕಿದರೆ, ಗುಂಡಿ ಕಳಚಿದ ಕಡ್ಡಿಯನ್ನು ಮುಟ್ಟಿದ ಮಗುವಿಗೆ ಪ್ರಾಣಾಪಾಯವೇ ಒದಗೀತು.

ವಿದ್ಯುತ್ತು ಬಾರದಿದ್ದ ಹಳ್ಳಿಗಳಲ್ಲಿ ಒಣಬ್ಯಾಟರಿಯ ವಾಲ್ವ್ ಸೆಟ್ಟುಗಳಿದ್ದವು. ಡಿಕೆ 96, ಡಿಎಲ್ 96 ಮೊದಲಾದ ವಾಲ್ವ್‌ಗಳ ತಂತುವಿಗೆ ಒಂದೂವರೆ ವೋಲ್ಟ್, ಉಳಿದ ಕೆಲಸಕ್ಕೆ 90 ವೋಲ್ಟ್. ಆ ದೊಡ್ಡ ಬ್ಯಾಟರಿ ಅಂಗಡಿಗಳಿಂದ ಮರೆಯಾದ ಮೇಲೆ 9 ವೋಲ್ಟಿನ ಹತ್ತು ಚಿಕ್ಕ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ನಡೆಸಬಹುದು. ಒಂದು ತಂತಿ ಅದಲುಬದಲಾಗಿ 90 ವೋಲ್ಟ್ ತಂತುವಿಗೆ ತಗುಲಿದರೆ ಎಲ್ಲ ವಾಲ್ವ್‌ಗಳೂ ಕ್ಷಣದಲ್ಲಿ ಸುಡುತ್ತವೆ.

ಟ್ರಾನ್ಸಿಸ್ಟರ್ ರೇಡಿಯೊಗಳ ಶತ್ರು ಮರೆತುಬಿಟ್ಟ ಸೆಲ್ಲು. ತವರದ ಸ್ಪ್ರಿಂಗನ್ನು ಅದರ ಸೋರಿಕೆ ತಿಂದುಹಾಕುತ್ತದೆ. ಕೇಳದ ತಿಂಗಳುಗಳಲ್ಲಿ ಸೆಲ್ಲು ತೆಗೆದಿಡುವುದೊಂದೇ ಉಪಾಯ. ಅಗ್ಗದ ಎಲಿಮಿನೇಟರ್‌ಗಳು 6 ವೋಲ್ಟ್ ಎಂದು ಬರೆದುಕೊಂಡು, ಭಾರವಿಲ್ಲದಾಗ ಎಂಟು-ಒಂಬತ್ತು ಕೊಡುತ್ತವೆ. ಇಂದಿನ ಫೋನ್ ಚಾರ್ಜರ್, ಎಲ್‌ಇಡಿ ದೀಪ, ಇನ್ವರ್ಟರ್‌ಗಳಂತೂ ಶಾರ್ಟ್‌ವೇವಿನಲ್ಲಿ ಗರಗರ ಸದ್ದನ್ನು ತುಂಬುತ್ತವೆ. ನಾಲ್ಕು ಸೆಲ್ಲಿನ ಸೆಟ್ಟಿಗೆ ಎಮರ್ಜೆನ್ಸಿ ಲ್ಯಾಂಪಿನಲ್ಲಿರುವ 6 ವೋಲ್ಟಿನ ಮುಚ್ಚಿದ ಬ್ಯಾಟರಿಯೇ ಮೇಲು. ಧನ, ಋಣ ತುದಿಗಳನ್ನು ಎರಡು ಸಲ ನೋಡಿ ಜೋಡಿಸಬೇಕು. ಬಿಸಿಲಿಗೆ ಕೊರತೆಯಿಲ್ಲದ ಈ ಸೀಮೆಯಲ್ಲಿ ಚಿಕ್ಕ ಸೋಲಾರ್ ಫಲಕ ಮತ್ತು ಚಾರ್ಜ್ ಕಂಟ್ರೋಲರಿನಿಂದ ಹಗಲು ತುಂಬಿಸಿ, ಸಂಜೆ ಅವೆರಡರಿಂದಲೂ ಬ್ಯಾಟರಿಯನ್ನು ಬಿಡಿಸಿ, ಮನೆಯ ದೀಪಗಳನ್ನು ಆರಿಸಿ ಕೇಳಿದರೆ 31 ಮೀಟರ್, 41 ಮೀಟರ್ ಪಟ್ಟಿಗಳು ಬಹಳ ಮಟ್ಟಿಗೆ ಶುಭ್ರವಾಗುತ್ತವೆ.

ಸತ್ತ ಬ್ಯಾಟರಿಯನ್ನು ಏನು ಮಾಡಬೇಕೆಂಬಲ್ಲಿ ನಮ್ಮ ವರ್ತಕ ಸಮಾಜ ಎಚ್ಚರ ತಪ್ಪಿದೆ ಎನ್ನದೆ ವಿಧಿಯಿಲ್ಲ. ಹಿಂದೆ ಹಳ್ಳಿಯ ಮಕ್ಕಳು ಸೆಲ್ಲು ಒಡೆದು ಅದರ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲೆಸಿ ಶಾಲೆಯ ಹಲಗೆಗೆ ಬಳಿಯುತ್ತಿದ್ದರು. ತಿಳಿಯದೆ ಮಾಡಿದ್ದು ಅದು. ಸೀಸದ ಬ್ಯಾಟರಿಯ ಆಮ್ಲವನ್ನು ಚರಂಡಿಗೆ ಸುರಿದು ಸೀಸವನ್ನು ಗುಜರಿಗೆ ತೂಗುವುದು ತಿಳಿದೇ ಮಾಡುವ ಕೆಲಸ. ಆ ಆಮ್ಲ ಬಿದ್ದ ಮಣ್ಣಿನಲ್ಲಿ ಎರೆಹುಳು ಉಳಿಯದು. ಗುಡಿಸಲಿನಲ್ಲಿ ಸೀಸ ಕರಗಿಸುವವನ ಮಕ್ಕಳ ರಕ್ತಕ್ಕೂ ಆ ಸೀಸ ಸೇರುತ್ತದೆ. ಹಳೆಯ ಬ್ಯಾಟರಿಯನ್ನು ಮಾರಾಟಗಾರರು ಹಿಂದಕ್ಕೆ ಪಡೆಯಬೇಕೆಂದು 2001ರ ನಿಯಮಗಳೇ ವಿಧಿಸಿದ್ದವು. 2022ರ ನಿಯಮಗಳು ತಯಾರಕರ ಮೇಲೂ ಹೊಣೆ ಹೊರಿಸಿ, ಒಣಸೆಲ್ಲುಗಳನ್ನೂ ಒಳಗೊಂಡಿವೆ. ಬಸದಿ, ಮಂದಿರಗಳ ಟ್ರಸ್ಟುಗಳು ತಮ್ಮ ಇನ್ವರ್ಟರ್ ಬ್ಯಾಟರಿಗಳನ್ನು ಬದಲಿಸುವಾಗ ಸದಸ್ಯರ ಮನೆಯ ಚಿಕ್ಕ ಬ್ಯಾಟರಿಗಳನ್ನೂ ಒಟ್ಟುಗೂಡಿಸಿ, ರಸೀದಿ ಪಡೆದು ಒಪ್ಪಿಸುವುದು ಕಷ್ಟದ ಕೆಲಸವಲ್ಲ.

ಹಳೆಯ ವಸ್ತುಗಳನ್ನು ಅರಸಿ ದೊಡ್ಡ ಊರುಗಳಿಂದ ಬರುವವರಿಗೆ ಕೆಲವರು ಈ ಪೆಟ್ಟಿಗೆಗಳನ್ನು ಮಾರುತ್ತಾರೆ. ಅದರಲ್ಲಿ ದೋಷವೇನಿಲ್ಲ. ಆದರೆ ಎಸಿ-ಡಿಸಿ ಸೆಟ್ಟಿನ ಚಾಸಿಯ ವಿಷಯವನ್ನು ಹೇಳದೆ ಹಣ ಎಣಿಸಿಕೊಂಡರೆ ಅದು ವ್ಯಾಪಾರವಲ್ಲ. ಕೊನೆಯ ಬಾರಿ ಹಾಡಿದ ವರ್ಷ, ಬದಲಿಸಿದ ಕಂಡೆನ್ಸರ್, ಮುಟ್ಟಬಾರದ ಭಾಗ, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹಿಂಬದಿಯ ರಟ್ಟಿನ ಹೊರಮೈಗೆ ಅಂಟಿಸಿ ಕೊಡಬೇಕು. ಪೆನ್ಸಿಲಿನಲ್ಲಿ ಬರೆಯುವುದು ಒಳ್ಳೆಯದು. ಶಾಯಿ ಕಾಲಕ್ರಮದಲ್ಲಿ ಮಾಸುತ್ತದೆ.